ಆರು ಶಬ್ದಗಳ ಬೆಳಗು

ಮೇ ತಿಂಗಳ ಎರಡನೆಯ ಭಾನುವಾರ ನಮ್ಮ ಸಭೆಯಲ್ಲಿ ತಾಯಂದಿರ ದಿನ. ಆರಾಧನೆಯ ಕೊನೆಯಲ್ಲಿ ತಾಯಂದಿರೆಲ್ಲ ಎದ್ದು ನಿಲ್ಲಬೇಕು, ಸಂಡೇ ಸ್ಕೂಲಿನ ಮಕ್ಕಳು ಬಂದು ಒಬ್ಬೊಬ್ಬರಿಗೂ ಒಂದೊಂದು ಗುಲಾಬಿ ಕೊಡುತ್ತಾರೆ. ಬಳ್ಳಾರಿಯ ಮೇ ತಿಂಗಳ ಬಿಸಿಲು ಓದುಗರಿಗೆ ಗೊತ್ತೇ ಇದೆ. ಹೂವು ಮನೆ ಸೇರುವಷ್ಟರಲ್ಲಿ ಕತ್ತು ಬಾಗಿಸಿರುತ್ತದೆ. ಪ್ರಸಂಗದಲ್ಲಿ ತಾಯಿ ಎಂದರೆ ತ್ಯಾಗ, ತಾಯಿ ಎಂದರೆ ಕರುಣೆಯ ಕಡಲು ಎಂದೆಲ್ಲ ಕೇಳುತ್ತೇವೆ. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಐದು ಜನರ ಬಟ್ಟೆ ಒಗೆದು ಸೊಂಟ ಹಿಡಿದುಕೊಂಡು ನಿಂತವಳಿಗೆ ತಾನೊಂದು ಕಡಲು ಎಂದು ಅನಿಸುವುದು ಕಷ್ಟ.

ಈ ದಿನ ಹೇಗೆ ಬಂತು ಎಂದು ಒಮ್ಮೆ ಹುಡುಕಿ ಓದಿದ್ದೆ. 1908ರ ಮೇ 10ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಗ್ರಾಫ್ಟನ್ ಎಂಬ ಊರಿನ ಮೆಥೊಡಿಸ್ಟ್ ಚರ್ಚಿನಲ್ಲಿ ಆನಾ ಜಾರ್ವಿಸ್ ಎಂಬಾಕೆ ತನ್ನ ತಾಯಿಯ ನೆನಪಿಗೆ ಏರ್ಪಡಿಸಿದ ಆರಾಧನೆ ಅದು. ಆ ತಾಯಿ ಮಾಡಿದ್ದೇನು? ಹಳ್ಳಿಯ ಹೆಂಗಸರನ್ನು ಕೂಡಿಸಿಕೊಂಡು ಮಕ್ಕಳ ಸಾವು ತಡೆಯಲು ಓಡಾಡಿದವಳು. ಹಾಲು ಶುದ್ಧವಾಗಿದೆಯೇ, ಮನೆಯ ಸುತ್ತ ಸ್ವಚ್ಛವಾಗಿದೆಯೇ, ಕಾಯಿಲೆ ಬಿದ್ದ ತಾಯಿಯ ಮನೆಗೆ ಯಾರು ಹೋಗಿ ಕೆಲಸ ಮಾಡಬೇಕು, ಇದೇ ಅವರ ಚಿಂತೆ. ಆಕೆ ತಾನೇ ಹಲವು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಮುಂದೆ ಹೂವಿನ ವ್ಯಾಪಾರಿಗಳು ಈ ದಿನವನ್ನು ತಮ್ಮದಾಗಿಸಿಕೊಂಡಾಗ ಮಗಳು ಆನಾ ಸಿಟ್ಟಿಗೆದ್ದು ಅವರ ವಿರುದ್ಧವೇ ಹೋರಾಡಿದಳು. ನನಗೆ ಗುಲಾಬಿಗಿಂತ ಆ ಹಾಲಿನ ಪಾತ್ರೆಯ ಕತೆ ಹತ್ತಿರವೆನಿಸಿತು.

ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ನೆಲ. ಅವ್ವ ನಾಟಿಗೆ ಹೋಗುತ್ತಿದ್ದಳು. ಸಂಜೆ ಬಂದು ಅನ್ನಕ್ಕಿಡುವ ಮುನ್ನ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವಳು. ಅದು ದೇವರ ಅಕ್ಕಿ, ತಿಂಗಳ ಕೊನೆಗೆ ಚರ್ಚಿಗೆ ಹೋಗುವುದು. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ದಿನವೂ ಆ ಹಿಡಿ ತಪ್ಪುತ್ತಿರಲಿಲ್ಲ. ಹಿಡಿ ಸ್ವಲ್ಪ ಸಣ್ಣದಾಗುತ್ತಿತ್ತು, ಅಷ್ಟೇ. ಅವ್ವ ನಮಗೆ ಧರ್ಮದ ಪಾಠ ಹೇಳಿದ್ದು ನೆನಪಿಲ್ಲ. ಬಹಳ ಮಾತಿನವಳೂ ಅಲ್ಲ. ನಾನೂ ಹಾಗೆಯೇ ಬೆಳೆದೆ, ಮಾತಿಲ್ಲದೆ ಕೆಲಸ ಮಾಡುವವಳಾಗಿ.

ಮದುವೆಯಾಗಿ ಹೋದದ್ದು ಕುರುಗೋಡಿಗೆ. ಯಜಮಾನರು ಅದಿರಿನ ಲಾರಿ ಓಡಿಸುತ್ತಿದ್ದುದರಿಂದ ಮನೆ ಮಾಡಿದ್ದು ಬಳ್ಳಾರಿಯಲ್ಲಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿಯ ಲೂಟಿ ನಿಂತದ್ದು ನ್ಯಾಯವೇ. ಆದರೆ ಲಾರಿಯ ಕೀಲಿ ಮಾಲೀಕರಿಗೆ ಒಪ್ಪಿಸಿ ಮನೆಗೆ ಬಂದ ಚಾಲಕರ ಹೆಂಡಿರಿಗೆ ಅದು ಬೇರೆ ಥರ ಕಂಡಿತು. ಬಳ್ಳಾರಿಯ ಜೀನ್ಸ್ ಉದ್ಯಮ ನಮ್ಮಂಥವರ ಕೈ ಹಿಡಿಯಿತು. ಹೊಲಿದ ಪ್ಯಾಂಟುಗಳ ಗಂಟು ಮನೆಗೆ ಬರುತ್ತದೆ, ಉಳಿದ ದಾರ ಕತ್ತರಿಸಿ ಕೊಡಬೇಕು. ಪಕ್ಕದ ಮನೆಯ ಆಪಾ ನನಗೆ ಈ ಕೆಲಸ ಕಲಿಸಿದರು. ಇಂದಿಗೂ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ದಾರ ಕತ್ತರಿಸುತ್ತೇವೆ.

2012ರಲ್ಲಿ ಮಗ ಹುಟ್ಟಿದ. ಮಗಳು ಆಗ ನಾಲ್ಕು ವರ್ಷದವಳು. ಮಗ ನಕ್ಕ, ಕುಳಿತ, ನಡೆದ, ಮಾತು ಬರಲಿಲ್ಲ. ಗಂಡು ಮಕ್ಕಳಿಗೆ ಮಾತು ತಡ ಎಂದರು ಬಂಧುಗಳು. ತೋರಿಸಿದ ಒಬ್ಬ ವೈದ್ಯರೂ ಅದನ್ನೇ ಹೇಳಿ ಕಳಿಸಿದರು. ಒಂದು ಸಂಜೆ ಕುಕ್ಕರ್ ಅವನ ಬೆನ್ನ ಹಿಂದೆಯೇ ಜೋರಾಗಿ ಸಿಳ್ಳೆ ಹೊಡೆದರೂ ಅವನು ಆಡುತ್ತಿದ್ದ ಗುಂಡಿಗಳ ಮೇಲಿಂದ ಕಣ್ಣೆತ್ತಲಿಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋದೆವು. ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂಥ ಮಕ್ಕಳನ್ನು ನೋಡುತ್ತಾ ಬಂದಿದೆ. ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ, ಯಂತ್ರ ಹಾಕಿದರೆ ಕೇಳಿಸೀತು, ಆದರೆ ಕೇಳಿಸುವುದು ಬೇರೆ, ಅರ್ಥವಾಗುವುದು ಬೇರೆ ಎಂದರು. ಅದನ್ನು ಕಲಿಸುವವರು ಯಾರು ಎಂದು ಕೇಳಿದೆ. ಅಲ್ಲಿನ ಹುಡುಗಿ ನನ್ನತ್ತಲೇ ಬೆರಳು ಮಾಡಿದಳು.

ಇಲ್ಲಿ ಓದುಗ ತಾಯಂದಿರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಖಚಿತಪಡಿಸುವುದು, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ ಶುರುವಾಗುವುದು ಉತ್ತಮ ಎನ್ನುತ್ತಾರೆ ತಜ್ಞರು. ಮಿದುಳು ಮಾತು ಕಲಿಯಲು ಹೆಚ್ಚು ಸಿದ್ಧವಾಗಿರುವುದು ಮೊದಲ ಕೆಲವು ವರ್ಷಗಳಲ್ಲಿ. ಯಂತ್ರದಿಂದ ಪ್ರಯೋಜನವಾಗದ ಮಕ್ಕಳೂ ಇದ್ದಾರೆ. ಅವರ ಸಂಕೇತ ಭಾಷೆಯೂ ಪೂರ್ಣ ಭಾಷೆಯೇ, ಅದನ್ನು ಕೀಳೆಂದು ತಿಳಿಯಬಾರದು.

ಹೀಗೆ ನಮ್ಮ ಮನೆಯ ಬೆಳಗು ಬದಲಾಯಿತು. ರಾತ್ರಿ ಸಿಲಿಕಾ ಹರಳಿನ ಡಬ್ಬಿಯಲ್ಲಿಟ್ಟ ಯಂತ್ರಗಳನ್ನು ತೆಗೆದು (ಬಳ್ಳಾರಿಯ ಬೆವರು ಯಂತ್ರಕ್ಕೆ ಶತ್ರು) ಅವನ ಕಿವಿಗೆ ಹಾಕಿ, ಹಿಂದೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆರು ಶಬ್ದ ಹೇಳಬೇಕು: ಆ, ಈ, ಊ, ಮ್, ಶ್, ಸ್. ಮಾತಿನ ದಪ್ಪ ಸ್ವರದಿಂದ ಸಣ್ಣ ಸ್ವರದವರೆಗೆ ಎಲ್ಲವೂ ಈ ಆರರಲ್ಲಿ ಬರುತ್ತವಂತೆ. ಕೇಳಿಸಿದರೆ ಅವನು ಒಂದು ಪ್ಯಾಂಟಿನ ಗುಂಡಿಯನ್ನು ಲೋಟಕ್ಕೆ ಹಾಕುತ್ತಿದ್ದ. ತುಟಿ ನೋಡಿ ಊಹಿಸಬಾರದು ಎಂದೇ ಸೆರಗು. ಮೊದಲ ವಾರಗಳಲ್ಲಿ ಒಂದೋ ಎರಡೋ ಗುಂಡಿ ಬೀಳುತ್ತಿದ್ದವು. ‘ಸ್’ ಗುಂಡಿ ಬೀಳಲು ಎಂಟು ತಿಂಗಳು ಬೇಕಾಯಿತು. ಆ ದಿನ ನಾನು ಆಪಾ ಮನೆಯ ಬಾಗಿಲಿಗೆ ಓಡಿದೆ. ಅವರು ರೊಟ್ಟಿಯ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡರು.

ಸೆರಗಿನ ವಿಷಯ ಬಂದದ್ದಕ್ಕೆ ಒಂದು ನೆನಪು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸೂಸನ್ನಾ ವೆಸ್ಲಿ 19 ಮಕ್ಕಳನ್ನು ಹೆತ್ತು 9 ಮಕ್ಕಳನ್ನು ಶೈಶವದಲ್ಲೇ ಕಳೆದುಕೊಂಡವಳು, ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಯ ತಾಯಿ. ಮನೆ ತುಂಬ ಮಕ್ಕಳಿದ್ದು ಪ್ರಾರ್ಥನೆಗೆ ಜಾಗವಿಲ್ಲದಾಗ ಆಕೆ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಕುಳಿತುಬಿಡುತ್ತಿದ್ದಳು, ಆಗ ಮಕ್ಕಳು ಸದ್ದು ಮಾಡುತ್ತಿರಲಿಲ್ಲ ಎಂದು ಹೇಳುತ್ತಾರೆ. ಮಕ್ಕಳ ಸದ್ದಿಲ್ಲದ ಆ ಭಾಗವನ್ನು ಮಾತ್ರ ನಾನು ನಂಬುವುದಿಲ್ಲ. ನಮ್ಮಲ್ಲೂ ಹೆಂಗಸರು ಚರ್ಚಿನಲ್ಲಿ ತಲೆಗೆ ಸೆರಗು ಹೊದೆಯುತ್ತೇವೆ, ಆಪಾ ನಮಾಜಿಗೆ ದುಪಟ್ಟಾ ಹೊದೆಯುತ್ತಾರೆ. ನನ್ನ ಬೆಳಗಿನ ಪ್ರಾರ್ಥನೆಗೆ ಬೇರೆ ಹೊತ್ತು ಸಿಗದೆ ಅದು ಈ ಆರು ಶಬ್ದಗಳ ನಡುವೆಯೇ ನಡೆಯತೊಡಗಿತು. ಒಂದು ಶಬ್ದ ಹೇಳಿ ಅವನು ಗುಂಡಿ ಎತ್ತುವವರೆಗೆ ಕಾಯುತ್ತೇವಲ್ಲ, ಅಷ್ಟು ಹೊತ್ತು.

ಮೈಸೂರಿನವರು ಹೇಳಿಕೊಟ್ಟ ಇನ್ನೊಂದು ವಿಷಯ ನನ್ನ ಬದುಕನ್ನೇ ಬದಲಿಸಿತು. ಪಾಠಕ್ಕೆಂದು ಬೇರೆ ಹೊತ್ತು, ಬೇರೆ ಸಾಮಾನು ಬೇಡ, ಮಾಡುವ ಕೆಲಸವನ್ನೇ ಬಾಯಿಬಿಟ್ಟು ಹೇಳುತ್ತಾ ಮಾಡಿ ಎಂದರು. ಮಾತಿಲ್ಲದೆ ಬೆಳೆದ ನಾನು ಅಕ್ಕಿ ಆರಿಸುತ್ತಾ ಮಾತಾಡಬೇಕಾಯಿತು. ಇದು ಅಕ್ಕಿ. ಇದು ಕಲ್ಲು. ಕಲ್ಲು ಬೇಡ, ಎಸೆ. ಅಕ್ಕಿ ತೊಳೆಯೋಣ. ನೀರು ತಣ್ಣಗಿದೆ. ನೀರು ಬೆಳ್ಳಗಾಯಿತು. ಒಂದು ಹಿಡಿ ದೇವರಿಗೆ. ವರ್ಷಗಟ್ಟಲೆ ಯಾರೂ ಲೆಕ್ಕಕ್ಕಿಡದ ಕೆಲಸಗಳವು, ನಾನೂ ಇಟ್ಟಿರಲಿಲ್ಲ. ಈಗ ಒಂದೊಂದನ್ನೂ ಹೆಸರಿಟ್ಟು ಕರೆಯಬೇಕಾಗಿ ಬಂದಾಗ ಎಷ್ಟೊಂದು ಇವೆ ಎಂದು ಆಶ್ಚರ್ಯವಾಯಿತು. ಹಿಂಡುವುದು, ಕೊಡವುವುದು, ಒಣಹಾಕುವುದು, ಮಡಿಸುವುದು: ಬಟ್ಟೆ ಒಂದರಲ್ಲೇ ನಾಲ್ಕು ಕ್ರಿಯಾಪದ! ನಲ್ಲಿ ನೀರು ವಾರಕ್ಕೊಮ್ಮೆ ಬರುವ ದಿನ ನಮ್ಮ ಮನೆ ಶಾಲೆಯಾಗುತ್ತಿತ್ತು. ತುಂಬಿತು, ಚೆಲ್ಲಿತು, ಖಾಲಿ, ಅರ್ಧ, ಇನ್ನೊಂದು ಕೊಡ. ‘ಚೆಲ್ತು’ ಅವನು ತಾನಾಗಿಯೇ ಆಡಿದ ಮೊದಲ ಕ್ರಿಯಾಪದ. ಚೆಲ್ಲಿದವನೂ ಅವನೇ.

ಯಾವ ಭಾಷೆ ಎಂಬ ಜಗಳ ದೊಡ್ಡದಾಯಿತು. ಅತ್ತೆಯ ತವರು ಆಂಧ್ರದ ಕಡೆ. ಕುರುಗೋಡಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ದೇವರ ಹತ್ತಿರ ಅವರು ತೆಲುಗಿನಲ್ಲೇ ಮಾತಾಡುವುದು. ಓಣಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಮೊದಲಿಗೆ ಒಂದೇ ಭಾಷೆಯಲ್ಲಿ ಮಾತಾಡಿ ಎಂದು ನಮಗೆ ಹೇಳಿದ್ದರು. “ನನ್ ಮೊಮ್ಮಗನ ಮುಂದ ನಾ ತೆಲುಗು ಕೀರ್ತನೆ ಹಾಡಬಾರದೇನು?” ಎಂದು ಅತ್ತೆ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಅವನನ್ನು ಕರೆದುಕೊಂಡು ಕುರುಗೋಡಿನ ಕಾಲುವೆ ದಂಡೆಗೆ ಹೋಗಿ ಕುಳಿತು, ಕಾಲುವೆ, ನೀರು, ಎಮ್ಮೆ, ಎಮ್ಮೆ ಬಂತು, ಎಮ್ಮೆ ಹೋಯ್ತು ಎಂದು ಸಂಜೆಯವರೆಗೆ ಹೇಳಿಕೊಟ್ಟರಂತೆ. ತೆಲುಗಿನ ಕೀರ್ತನೆಗಳನ್ನು ಅವನು ಮಲಗಿ ಯಂತ್ರ ತೆಗೆದ ಮೇಲೆ ಹಾಡುತ್ತಿದ್ದರು. ಅಂಥ ತಾಯ್ತನಕ್ಕೆ ಮೇ ತಿಂಗಳಲ್ಲಿ ಯಾರೂ ಗುಲಾಬಿ ಕೊಟ್ಟದ್ದು ನಾನು ಕಾಣೆ.

ನಮ್ಮ ಕನ್ನಡ ಬೈಬಲ್ಲಿಗೂ ಬಳ್ಳಾರಿಗೂ ಇರುವ ನಂಟು ನನಗೆ ಆಗ ಹೊಸ ಅರ್ಥ ಕೊಟ್ಟಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಪೂರ್ಣ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಅದೇ ಮಿಷನ್ನಿನ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ. ಇಂದು ನಾವು ಓದುವುದು ಮುಂದೆ ತಿದ್ದಿದ ಅನುವಾದ, ಆ ಹಳೆಯದಲ್ಲ. ಆದರೂ ಇಪ್ಪತ್ತೊಂದು ವರ್ಷ! ‘ಕರುಣೆ’ಗೆ ಯಾವ ಪದ, ‘ಒಡಂಬಡಿಕೆ’ಗೆ ಯಾವ ಪದ ಎಂದು ಈ ಬಿಸಿಲಿನಲ್ಲಿ ಊರಿನವರ ಮುಂದೆ ಕುಳಿತು ಕೇಳಿರಬೇಕಲ್ಲವೇ ಎಂದು ಯೋಚಿಸಿದಾಗ ನನ್ನ ಎಂಟು ತಿಂಗಳ ‘ಸ್’ ಹಗುರವಾಗಿ ಕಂಡಿತು.

ಎಲ್ಲರೂ ಹೀಗೆ ತಿಳಿಯಲಿಲ್ಲ. ಒಂದು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದರು. ಬೋಧಕರು ಮಗುವಿನ ಕಿವಿಯ ಯಂತ್ರ ತೆಗೆಸಿ, ತಲೆಯ ಮೇಲೆ ಕೈಯಿಟ್ಟು ಕೂಗಿ ಪ್ರಾರ್ಥಿಸಿದರು. ಮಗ ಹೆದರಿ ಅತ್ತ. ಗುಣವಾಗದ್ದಕ್ಕೆ ತಾಯಿಯ ವಿಶ್ವಾಸದ ಕೊರತೆ ಕಾರಣವೆಂದರು. ನಾನು ಯಂತ್ರ ಎತ್ತಿಕೊಂಡು ಹೊರಗೆ ಬಂದೆ. ಪವಾಡ ಇಲ್ಲವೆಂದು ನಾನು ಹೇಳುವವಳಲ್ಲ. ಆ ರಾತ್ರಿ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ತೆಗೆದೆ. ಯೇಸು ಕಿವುಡನನ್ನು ಗುಣಪಡಿಸುವ ಪ್ರಸಂಗ ಅಲ್ಲಿದೆ. ಅದೆಷ್ಟೋ ಸಲ ಕೇಳಿದ್ದೆ, ಆದರೆ ಯೇಸು ಅವನನ್ನು ಮೊದಲು ಗುಂಪಿನಿಂದ ಪಕ್ಕಕ್ಕೆ ಕರೆದೊಯ್ಯುತ್ತಾನೆ, ಕಿವಿ ಮುಟ್ಟುತ್ತಾನೆ, ನಾಲಿಗೆ ಮುಟ್ಟುತ್ತಾನೆ, ಮೇಲೆ ನೋಡಿ ನಿಟ್ಟುಸಿರು ಬಿಡುತ್ತಾನೆ ಎಂಬುದನ್ನು ಗಮನಿಸಿರಲಿಲ್ಲ. ಕೇಳಿಸದವನಿಗೆ ತಿಳಿಯುವಂತೆ ಕೈಯಿಂದಲೇ ಮಾತಾಡಿದ್ದಾನೆ! ಗುಂಪಿಲ್ಲ, ಕೂಗಿಲ್ಲ. ಆ ನಿಟ್ಟುಸಿರು ನನಗೆ ಬಹಳ ಪರಿಚಯದ್ದು.

ಮಗನಿಗೆ ಹೆಚ್ಚು ಇಷ್ಟವಾದ ಕತೆ ಮಾತ್ರ ಜಕರೀಯನದು. ಲೂಕನ ಸುವಾರ್ತೆಯಲ್ಲಿ ಆ ಮುದುಕ ಮಗ ಹುಟ್ಟುವವರೆಗೆ ಮೂಕನಾಗಿ, ಕೈಸನ್ನೆ ಮಾಡಿ, ಹಲಗೆಯ ಮೇಲೆ ಹೆಸರು ಬರೆದು ತೋರಿಸುತ್ತಾನೆ. ಕಟ್ಟೆಯ ಮೇಲೆ ಇದನ್ನು ಹೇಳುತ್ತಿದ್ದಾಗ ಆಪಾ ಕತ್ತರಿ ಕೆಳಗಿಟ್ಟು, “ಅರೇ, ಝಕರಿಯ್ಯಾ ನಮ್ಮಲ್ಲೂ ಇದ್ದಾರಲ್ಲ, ಮರ್ಯಮ್ ಸೂರಾದಲ್ಲಿ! ಮೂರು ರಾತ್ರಿ ಮಾತಿಲ್ಲ, ಬರೀ ಸನ್ನೆ” ಎಂದರು. ಅಂದಿನಿಂದ ಆ ಕತೆಗೆ ಇಬ್ಬರು ಹೇಳುವವರು. ಒಂಬತ್ತು ತಿಂಗಳೋ ಮೂರು ರಾತ್ರಿಯೋ ಎಂದು ಮಗ ಇಬ್ಬರನ್ನೂ ಜಗಳಕ್ಕೆ ಹಚ್ಚುತ್ತಿದ್ದ. ಅದಕ್ಕೆ ಬೇಕಾದಷ್ಟು ಮಾತು ಅವನಿಗೆ ಆಗಲೇ ಬಂದಿತ್ತು.

ಮಗಳ ಬಗ್ಗೆ ಹೇಳದಿದ್ದರೆ ಕತೆ ಅರ್ಧವಾಗುತ್ತದೆ. ಏಳು ವರ್ಷದವಳಿದ್ದಾಗ ಒಂದು ದಿನ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ತಮ್ಮನ ಪಕ್ಕ ಬಂದು ಕುಳಿತು, “ನನಗೂ ಹೇಳಿಸು” ಎಂದಳು. ಸೂಸನ್ನಾ ವೆಸ್ಲಿ ವಾರದಲ್ಲಿ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆಂದೇ ಮೀಸಲಿಡುತ್ತಿದ್ದಳು, ಜಾನ್‌ಗೆ ಗುರುವಾರ. ಅದೇ ಗುರುವಾರವನ್ನು ನಾನು ಮಗಳಿಗೆ ಕೊಟ್ಟೆ. ಆ ಸಂಜೆ ಜೀನ್ಸ್ ಗಂಟು ಬಿಚ್ಚುವುದಿಲ್ಲ. ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಮಹಡಿ ಮೇಲೆ ಇಬ್ಬರೇ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ಗುರುವಾರ ಮಾತ್ರ ಬಿಟ್ಟುಕೊಟ್ಟಿಲ್ಲ.

ಮಗ ಎಂಟನೆಯ ತರಗತಿಯಲ್ಲಿದ್ದಾನೆ. ಶ, ಸ ಇನ್ನೂ ಸ್ವಲ್ಪ ಜಾರುತ್ತವೆ, ಗದ್ದಲವಿರುವ ತರಗತಿಯಲ್ಲಿ ಅರ್ಧ ಪಾಠ ತಪ್ಪಿಹೋಗುತ್ತದೆ, ಮನೆಗೆ ಬಂದು ಅಕ್ಕನಿಂದ ಹೇಳಿಸಿಕೊಳ್ಳುತ್ತಾನೆ. ಆಪಾ ಜೊತೆ ಉರ್ದು, ಅಜ್ಜಿಯ ಜೊತೆ ನಾಲ್ಕು ತೆಲುಗು ಮಾತು ತಾನೇ ಕಲಿತಿದ್ದಾನೆ. ಹದಿಮೂರರ ಹುಡುಗರಿಗೆ ಇರಬೇಕಾದ ಕೊಬ್ಬೂ ಇದೆ. ಮೊಬೈಲ್ ಬಿಟ್ಟು ಓದು ಎಂದು ನಾನು ಶುರು ಮಾಡಿದರೆ ಸಾಕು, ಎರಡು ಕೈಯೆತ್ತಿ ಎರಡೂ ಕಿವಿಯ ಯಂತ್ರ ಆಫ್ ಮಾಡಿ ನನ್ನನ್ನೇ ನೋಡುತ್ತಾ ನಗುತ್ತಾನೆ. ನಾನು ಬಾಯಿ ಆಡಿಸುತ್ತಲೇ ಇರುತ್ತೇನೆ. ತುಟಿ ಓದಲು ಅವನಿಗೆ ಚೆನ್ನಾಗಿ ಬರುತ್ತದೆ ಎಂದು ನನಗೆ ಗೊತ್ತು.