ಹನಿಗಳು ಕೂಡುವುದೇಕೆ?

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನೀವೆಲ್ಲರೂ ಪ್ರಬಂಧಗಳಲ್ಲಿ ಬರೆದಿರುವಿರಿ. ನಾವು ಅದಕ್ಕೆ ಅಂಕಗಳನ್ನೂ ಕೊಟ್ಟಿರುವೆವು. ಕೂಡಿದ ಮೇಲೆ ಏನಾಗುವುದೆಂದು ಗಾದೆಯು ಹೇಳುತ್ತದೆ. ಹನಿಯು ಏತಕ್ಕಾಗಿ ಕೂಡಬೇಕೆಂಬುದನ್ನು ಮಾತ್ರ ನಾವೇ ಯೋಚಿಸಿ ತಿಳಿಯಬೇಕಾಗಿದೆ.

ಸ್ವಾರ್ಥವನ್ನು ತೊರೆದರೆ ಸಹಕಾರವು ತಾನಾಗಿಯೇ ಬರುವುದೆಂದು ಹೇಳುವವರುಂಟು. ನಾವು ಕಂಡುದು ಬೇರೆ. ನಾವು ಗದಗ ಸೀಮೆಯಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದವರು. ಆ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ದೇಶದಲ್ಲಿಯೇ ಅದು ಮೊದಲನೆಯದೆಂದು ಹೆಸರಾಗಿದೆ. ಬಿತ್ತನೆಯ ಕಾಲಕ್ಕೆ ಪ್ರತಿಯೊಬ್ಬ ರೈತನಿಗೂ ಹಣ ಬೇಕು. ಒಬ್ಬಂಟಿಯಾಗಿ ಸಾಹುಕಾರನ ಬಾಗಿಲಿಗೆ ಹೋದರೆ ಬಡ್ಡಿಯ ಭಾರ. 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ತೀರಿಸದ ಸಾಲವು ಉಳಿದವರ ಮೇಲೆ ಬೀಳಬಹುದಾಗಿತ್ತು. ಹೀಗಾಗಿ ತನ್ನ ಹಿತಕ್ಕಾಗಿಯೇ ಪ್ರತಿಯೊಬ್ಬನೂ ನೆರೆಯವನ ಬೆಳೆ ಚೆನ್ನಾಗಿರಲೆಂದು ಬಯಸಬೇಕಾಯಿತು.

ಈ ನಗರದ ನಮ್ಮ ಗಲ್ಲಿಯಲ್ಲಿ ಇದರ ಇನ್ನೊಂದು ಮುಖವನ್ನು ನೋಡಿದೆವು. ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಒಂದು ಮನೆಯವರು ಕೊಳವೆಗೆ ಮೋಟಾರು ಹಚ್ಚಿ ನೀರೆಳೆದುಕೊಂಡರು. ಪಕ್ಕದವರೂ ಹಚ್ಚಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಮೋಟಾರುಗಳು ಹನ್ನೊಂದಾದವು. ಕೊನೆಯ ಮನೆಗಳ ನಲ್ಲಿಯಲ್ಲಿ ಗಾಳಿ ಮಾತ್ರ ಬಂದಿತು. ಬುದ್ಧಿಮಾತಿಗೆ ಯಾರೂ ಮಣಿಯಲಿಲ್ಲ. ‘ನಾನೊಬ್ಬನೇ ತೆಗೆದರೆ ನನ್ನ ಮನೆಗೆ ನೀರಿಲ್ಲ’ ಎಂಬುದೇ ಎಲ್ಲರ ಉತ್ತರ. ಅದು ಸುಳ್ಳೂ ಅಲ್ಲ. ಕಡೆಗೆ ತೆಲುಗರು, ಉರ್ದು ಮಾತಿನವರು, ಕನ್ನಡಿಗರು ಒಟ್ಟಿಗೆ ಕುಳಿತು, ಒಂದೇ ದಿನ ಎಲ್ಲರೂ ಎಲ್ಲರ ಕಣ್ಣೆದುರಿಗೆ ಮೋಟಾರು ಬಿಚ್ಚುವುದೆಂದು ನಿಶ್ಚಯಿಸಿದೆವು. ಅಂದಿನಿಂದ ಕೊನೆಯ ಮನೆಯ ಕೊಡವೂ ತುಂಬುತ್ತಿದೆ. ಯಾರೂ ಸಂತರಾಗಲಿಲ್ಲ. ತಾನೊಬ್ಬನೇ ಕಳೆದುಕೊಳ್ಳುವೆನೆಂಬ ಭಯವು ಹೋಯಿತು, ಅಷ್ಟೆ.

ನಾಡಿನ ಹೊರಗಿರುವ ನಮ್ಮ ಶಾಲೆಗೂ ಈ ಮಾತು ಸಲ್ಲುತ್ತದೆ. ‘ಕನ್ನಡವನ್ನು ಉಳಿಸಿರಿ’ ಎಂದಷ್ಟೇ ಹೇಳಿದರೆ ತಂದೆತಾಯಿಗಳು ಮಕ್ಕಳನ್ನು ಇಲ್ಲಿಗೆ ಕಳಿಸುವುದಿಲ್ಲ. ಇಲ್ಲಿ ಕಲಿತ ಮಗುವಿಗೆ ಗಣಿತವೂ ಬರಬೇಕು, ಇಂಗ್ಲಿಷೂ ಬರಬೇಕು, ಮುಂದೆ ಅನ್ನದ ದಾರಿಯೂ ಕಾಣಬೇಕು. ಅದು ಉಪಾಧ್ಯಾಯರಾದ ನಮ್ಮ ಹೊಣೆ. ಬಾಲಕ ಬಾಲಕಿಯರೇ, ನಿಮಗೂ ಒಂದು ಹೊಣೆಯುಂಟು. ಲೆಕ್ಕ ಬಲ್ಲವರು ಬಾರದವರಿಗೆ ಹೇಳಿಕೊಡಿರಿ. ಇದನ್ನು ಉಪಕಾರವೆಂದು ತಿಳಿಯಬೇಡಿರಿ. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿ ತರಗತಿಯು ಬರಿದಾದರೆ, ಮೊದಲನೆಯ ಸ್ಥಾನ ಪಡೆದವರೂ ಬೇರೆ ಶಾಲೆಯನ್ನು ಹುಡುಕಬೇಕಾಗುವುದು.