ಕಪಾಟಿನಲ್ಲಿದ್ದ ವಹಿ

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಕಬ್ಬಿಣದ ಕಪಾಟಿದೆ. ಮೇಲಿನ ಖಾನೆಗಳಲ್ಲಿ ಅಂಚು ಮುಕ್ಕಾದ ಬೀಕರುಗಳು, ಗುಂಡುಸೂಜಿಯನ್ನೂ ಎಳೆಯಲಾರದಷ್ಟು ಮುಪ್ಪಾದ ಆಯಸ್ಕಾಂತಗಳು, ಬಣ್ಣಗೆಟ್ಟ ಲಿಟ್ಮಸ್ ಕಾಗದ. ಕೆಳಗಿನ ಖಾನೆ ನನ್ನದು. ಪಾಠದ ನಡುವೆ ಹುಡುಗರಿಂದ ಕಸಿದುಕೊಂಡ ಬುಗುರಿ, ಗೋಲಿ, ಸಿನಿಮಾ ನಟರ ಚಿತ್ರ ಎಲ್ಲ ಅಲ್ಲಿ ಹೋಗಿ ಬೀಳುತ್ತಿದ್ದವು. ಮಾರ್ಚ್ ತಿಂಗಳು ಬಂದಾಗ ಅವನ್ನು ಮರಳಿ ಕೊಡುವುದು ನಾನು ಹಾಕಿಕೊಂಡ ಪದ್ಧತಿ. ಆ ಪದ್ಧತಿಗೆ ಒಮ್ಮೆ ಮಾತ್ರ ತಪ್ಪಿದೆ. 1997ರ ಡಿಸೆಂಬರಿನಲ್ಲಿ ಕಸಿದುಕೊಂಡ ಒಂದು ವಹಿ ಆ ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಆಗ ನಾನು ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಬಿಎಸ್ಸಿ, ಬಿಎಡ್ ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಒಂಬತ್ತನೆಯ ಇಯತ್ತೆಗೆ ಶಬ್ದದ ಪಾಠ ನಡೆದಿತ್ತು. ಕಂಪನ, ಆವೃತ್ತಿ, ತರಂಗಾಂತರ ಎಂದು ಹಲಗೆಯ ಮೇಲೆ ಬರೆದು ಹೊರಳಿ ನೋಡಿದರೆ ಹಿಂದಿನ ಸಾಲಿನ ಒಬ್ಬ ಹುಡುಗ ತಲೆ ತಗ್ಗಿಸಿ ಬೇರೇನನ್ನೋ ಬರೆಯುತ್ತಿದ್ದಾನೆ. ಹೋಗಿ ನೋಡಿದೆ. ಇನ್ನೂರು ಪುಟದ ಉದ್ದ ವಹಿಯಲ್ಲಿ ಪಟ್ಟಿಯಿಟ್ಟು ಗೆರೆ ಎಳೆದು ಕಾಲಂ ಮಾಡಿದ್ದ. ಮೊದಲ ಕಾಲಮ್ಮಿನಲ್ಲಿ ಅಂಕಿಗಳು, ಎರಡನೆಯದರಲ್ಲಿ ಹಾಡಿದವರ ಹೆಸರು, ಮೂರನೆಯದರಲ್ಲಿ ಹಾಡು, ಕೊನೆಗೆ ‘ಹಿಂಬದಿ’ ಎಂಬ ತಲೆಬರಹ. ಹಾಡಿನ ಪಟ್ಟಿ ಎಂದು ಗೊತ್ತಾದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ‘ಬರೋ ವರ್ಷ ಎಸ್ಸೆಸ್ಸೆಲ್ಸಿ, ನೀ ಇಲ್ಲಿ ಹಾಡಿನ ಪಟ್ಟಿ ಬರಕೋತ ಕುಂತೀಯೇನು?’ ಎಂದು ಗದರಿ ವಹಿ ಕಸಿದೆ. ಅಷ್ಟಕ್ಕೇ ಬಿಡದೆ ಕೆಂಪು ಮಸಿಯ ಪೆನ್ನಿನಿಂದ ಆ ಪುಟದ ಮೇಲೆ ‘ಸಮಯ ವ್ಯರ್ಥ’ ಎಂದು ಬರೆದು ಸಹಿ ಮಾಡಿದೆ. ತಾರೀಖು ಕೂಡ ಹಾಕಿದೆ! ನಾವು ಮಾಸ್ತರರು ಇಂಥ ಕೆಲಸಗಳನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತೇವೆ.

ಆ ಹುಡುಗನ ಅಜ್ಜನದು ಬಾಡಿಗೆ ಮೈಕ್‌ಸೆಟ್ಟಿನ ಅಂಗಡಿ. ಝಳಕಿ, ನಿವರಗಿ, ಹಲಸಂಗಿ ಕಡೆಯ ಮದುವೆ, ಜಾತ್ರೆ, ಡೊಳ್ಳಿನ ಪದದ ರಾತ್ರಿಗಳಿಗೆ ಕರ್ಣಿ ಕಟ್ಟಿ ಪ್ಲೇಟು ಹಚ್ಚುತ್ತಿದ್ದ ಮನುಷ್ಯ. ಕ್ಯಾಸೆಟ್ಟು ಬಂದ ಮೇಲೆ ಕರಿ ಪ್ಲೇಟುಗಳು ಗೋಣಿಚೀಲ ಸೇರಿ ಅಟ್ಟ ಏರಿದ್ದವು. ಮೊಮ್ಮಗ ಅವನ್ನು ಒಂದೊಂದಾಗಿ ಇಳಿಸಿ, ಒದ್ದೆ ಅರಿವೆಯಿಂದ ಒರೆಸಿ, ಮೇಲಿನ ಚೀಟಿಯಲ್ಲಿದ್ದುದನ್ನು ಬರೆದುಕೊಳ್ಳುತ್ತಿದ್ದ. ಇದು ನನಗೆ ಆಗ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಕೇಳಲಿಲ್ಲ.

ಮರುದಿನ ಅವನ ತಂದೆಯನ್ನು ಕರೆಸಿದೆ. ‘ಹೊಡೀರಿ ಸರ, ನಮ್ಮ ಮಾತು ಕೇಳೂದಿಲ್ಲ. ಅವರಜ್ಜನ ಚಾಳಿ ಬಂದೈತಿ’ ಎಂದು ಕೈ ಮುಗಿದು ಹೋದರು. ಒಂದು ವಾರದ ನಂತರ ಹುಡುಗ ಪ್ರಯೋಗಾಲಯದ ಬಾಗಿಲಿಗೆ ಬಂದು ‘ಸರ, ನನ್ನ ವಹಿ’ ಎಂದ. ‘ಮಾರ್ಚಿನ್ಯಾಗ ಬಾ’ ಎಂದೆ. ಮಾರ್ಚಿನಲ್ಲಿ ಅವನು ಬರಲಿಲ್ಲ, ನಾನೂ ಕರೆಯಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಉಳಿದವು. ಒಂದು ನನ್ನದೇ ವಿಜ್ಞಾನ. ಅವನು ದುಡಿಯಲು ಸೊಲ್ಲಾಪುರಕ್ಕೆ ಹೋದನೆಂದು ಕೇಳಿದೆ. ಅಲ್ಲಿಗೆ ಮರೆತೆ.

ನಾನು ಮರೆತದ್ದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಚಡಚಣ ಸಿಂಪಿ ಲಿಂಗಣ್ಣನವರ ಊರು. ಪಕ್ಕದ ಹಲಸಂಗಿ ಮಧುರಚೆನ್ನರ ಊರು. ಹಲಸಂಗಿ ಗೆಳೆಯರು ಕೈಯಲ್ಲಿ ವಹಿ ಹಿಡಿದು ಹಳ್ಳಿಯ ಜನರ ಬಾಯಲ್ಲಿದ್ದ ಹಾಡು ಬರೆದುಕೊಂಡದ್ದರಿಂದಲೇ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, ಆಮೇಲೆ ‘ಮಲ್ಲಿಗೆ ದಂಡೆ’ ಅಚ್ಚಾದವು. ಪ್ರತಿ ನವೆಂಬರ್ ಒಂದಕ್ಕೆ ಇದೇ ಮಾತನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ಗಂಟಲುಬ್ಬಿಸಿ ಹೇಳುತ್ತಿದ್ದವನು ನಾನು. 1997ರಲ್ಲೂ ಹೇಳಿದ್ದೆ. ಮುಂದಿನ ತಿಂಗಳು ವಹಿ ಕಸಿದೆ.

2018ರ ಬೇಸಿಗೆಯಲ್ಲಿ ಸೊಲ್ಲಾಪುರದಲ್ಲಿ ಒಂದು ಮದುವೆ. ಚಡಚಣದವರಿಗೆ ವಿಜಯಪುರಕ್ಕಿಂತ ಸೊಲ್ಲಾಪುರವೇ ಹತ್ತಿರ. ಬಟ್ಟೆ, ಬೀಗತನ, ದವಾಖಾನೆ ಎಲ್ಲಕ್ಕೂ ಅದೇ ದಾರಿ. ಬೀಗರ ಮನೆಯ ನೆರೆಯಲ್ಲಿ ಒಬ್ಬ ಹಿರಿಯರಿದ್ದರು. ನಿವೃತ್ತರು, ಮನೆ ತುಂಬ ಹಳೆಯ ಪ್ಲೇಟುಗಳು. ನಾನು ವಿಜ್ಞಾನದ ಮಾಸ್ತರ ಎಂದು ತಿಳಿದು ‘ಇದನ್ನು ಓದಿರಿ, ಇದನ್ನು ನಡೆಸಿದವರೂ ಭೌತವಿಜ್ಞಾನಿ’ ಎಂದು ಒಂದು ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೈಗಿಟ್ಟರು. ಹೆಸರು ‘ದಿ ರೆಕಾರ್ಡ್ ನ್ಯೂಸ್’. ಮಧ್ಯಾಹ್ನದ ಊಟದ ಭಾರಕ್ಕೆ ಕಣ್ಣು ಮುಚ್ಚುತ್ತಿದ್ದವನು ಎರಡು ಪುಟ ತಿರುವಿ ಎದ್ದು ಕುಳಿತೆ. ಕಾಲಂಗಳು! ಮೊದಲ ಕಾಲಮ್ಮಿನಲ್ಲಿ ಅಂಕಿಗಳು, ಮುಂದೆ ಹಾಡಿದವರ ಹೆಸರು, ಹಾಡು, ಹಿಂಬದಿಯ ಹಾಡು.

ಈ ಪತ್ರಿಕೆಯ ಕಥೆ ಚಿಕ್ಕದು. 1990ರಲ್ಲಿ ಮುಂಬಯಿಯಲ್ಲಿ ನಾರಾಯಣ ಮುಲಾನಿ, ಸುರೇಶ ಚಾಂದವಣಕರ, ಆಸ್ಟ್ರೇಲಿಯಾದ ಮೈಕೆಲ್ ಕಿನ್ನಿಯರ್ ಮುಂತಾದ ಪ್ಲೇಟಿನ ಹುಚ್ಚಿನವರು ಸೇರಿ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಎಂಬ ಸಂಘ ಕಟ್ಟಿದರು. ಚಾಂದವಣಕರರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ. ಮರುವರ್ಷ, 1991ರಿಂದ, ಸದಸ್ಯರಿಗಾಗಿ ತ್ರೈಮಾಸಿಕ ಪತ್ರಿಕೆ ಹೊರಟಿತು. ಬಣ್ಣದ ಮುಖಪುಟವಿಲ್ಲ, ನಟಿಯರ ಚಿತ್ರವಿಲ್ಲ. ಯಾರ ಬಳಿ ಯಾವ ಪ್ಲೇಟಿದೆ, ಯಾವ ಹಾಡುಗಾರ ಯಾವ ಕಂಪನಿಗೆ ಎಷ್ಟು ಹಾಡಿದ, ಇಂಥ ಸಂಗತಿಗಳು. ಬರೆಯುವವರೂ ಅವರೇ, ಓದುವವರೂ ಅವರೇ. ಮುಂಬಯಿಯ ಆಚೆಗೂ ಘಟಕಗಳಾದವು, ಸೊಲ್ಲಾಪುರದಲ್ಲೂ ಒಂದು ಇತ್ತು. ಆಮೇಲೆ ಅದು ವಾರ್ಷಿಕವಾಗಿ ದಪ್ಪವಾಯಿತು. ಈಗ ಷಿಕಾಗೋ ವಿಶ್ವವಿದ್ಯಾಲಯ ಅದರ ಸಂಚಿಕೆಗಳನ್ನು ಯಾರು ಬೇಕಾದರೂ ಓದುವಂತೆ ಗಣಕದಲ್ಲಿ ಕಾಪಿಟ್ಟಿದೆ. ನಮ್ಮ ಕಪಾಟಿನ ಕೆಳಗಿನ ಖಾನೆಗಿಂತ ಭದ್ರವಾದ ಜಾಗ ಎನ್ನಬೇಕು.

ಇಂಥ ಪತ್ರಿಕೆಗಳಿಗೆ ಇಂಗ್ಲಿಷರು ‘ಫ್ಯಾನ್‌ಜೀನ್’ ಎನ್ನುತ್ತಾರೆ. ಅಭಿಮಾನಿಯೊಬ್ಬ ಲಾಭ ನೋಡದೆ ತಾನೇ ಬರೆದು ಹಂಚುವ ಹಾಳೆ. ಪಾಲಕರು ನಗಬಾರದು, ಇದು ಹುಟ್ಟಿದ್ದು ಸಂಗೀತದಿಂದಲ್ಲ, ವಿಜ್ಞಾನದ ಹುಚ್ಚಿನಿಂದ. 1930ರಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಓದುಗರು ‘ದಿ ಕಾಮೆಟ್’ ಎಂಬ ಹಾಳೆ ತೆಗೆದರು. ಹತ್ತು ವರ್ಷದ ಮೇಲೆ ಅವರಲ್ಲೇ ಒಬ್ಬ ಈ ಹೆಸರು ಇಟ್ಟ. ಆ ಬಳಗದಲ್ಲಿ ಬೆಳೆದ ಪಾಲ್ ವಿಲಿಯಮ್ಸ್ ಎಂಬ ಹದಿನೇಳರ ಹುಡುಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ, 1966ರಲ್ಲಿ, ರಾಕ್ ಸಂಗೀತದ ಬಗ್ಗೆ ‘ಕ್ರಾಡ್ಯಾಡಿ’ ಎಂಬ ಪತ್ರಿಕೆಯನ್ನು ನಮ್ಮ ಶಾಲೆಯ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಯಂತೆ ತೆಗೆದ. ಮರುವರ್ಷ ‘ರೋಲಿಂಗ್ ಸ್ಟೋನ್’ ಹುಟ್ಟಿತು, 7,500 ಡಾಲರ್ ಸಾಲದ ಮೇಲೆ. ಅದು ಲೋಕಪ್ರಸಿದ್ಧವಾಯಿತು. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರ್ರಿ ಎಂಬ ಹತ್ತೊಂಬತ್ತರ ತರುಣ ತೆಗೆದ ಹಾಳೆ ಐವತ್ತೋ ಅರವತ್ತೋ ಪ್ರತಿಯಿಂದ ಸಾವಿರಗಟ್ಟಲೆಗೆ ಏರಿತು, ಸುಮಾರು ಒಂದು ವರ್ಷದ ಮೇಲೆ ಅವನೇ ನಿಲ್ಲಿಸಿದ. ನಮ್ಮ ದೇಶದಲ್ಲಿ ‘ರಾಕ್ ಸ್ಟ್ರೀಟ್ ಜರ್ನಲ್’ ಹುಟ್ಟಿದ್ದು 1993ರಲ್ಲಿ, ದೆಹಲಿ ಮುಂಬಯಿಯಲ್ಲಲ್ಲ, ಅಲಹಾಬಾದಿನಲ್ಲಿ. ಆ ಸಂಗೀತ ನನ್ನ ಕಿವಿಗೆ ಗಿರಣಿಯ ಸದ್ದಿನಂತೆ ಕೇಳುತ್ತದೆ, ಅದು ಬೇರೆ ಮಾತು. ಆದರೆ ಆ ಹುಡುಗರ ಮನಸ್ಸು ನನಗೆ ತಿಳಿಯುತ್ತದೆ. ತನಗೆ ಇಷ್ಟವಾದದ್ದರ ಬಗ್ಗೆ ಯಾರೂ ಬರೆಯುತ್ತಿಲ್ಲ, ಹಾಗಾದರೆ ನಾನೇ ಬರೆಯುತ್ತೇನೆ ಎಂಬ ಹಟ.

ಮದುವೆಯಿಂದ ಬಂದವನು ರಜೆಯಲ್ಲೂ ಶಾಲೆಯ ಕೀಲಿ ತರಿಸಿ ಕಪಾಟು ತೆಗೆದೆ. ವಹಿ ಇತ್ತು. ಅಂಚನ್ನು ಜಿರಲೆ ತಿಂದಿತ್ತು, ಅಕ್ಷರ ಗಟ್ಟಿಯಾಗಿತ್ತು. ಅದನ್ನು ಮೊದಲ ಸಲ ಓದಿದೆ. ಒಟ್ಟು 143 ಪ್ಲೇಟುಗಳು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯವರ ಹಾಡು, ಮಲ್ಲಿಕಾರ್ಜುನ ಮನಸೂರರ ಹಾಡು, ಮರಾಠಿ ನಾಟಕದ ಪದ. ಚೀಟಿ ಹರಿದುಹೋದ ಪ್ಲೇಟುಗಳಿಗೆ ಇನ್ನೊಂದು ಕಾಲಂ ಮಾಡಿ ‘ಕರಿ ಜಾಗಾದಾಗ ಕೆತ್ತಿದ ಅಂಕಿ’ ಎಂದು ಬರೆದಿದ್ದ. ಧ್ವನಿಮುದ್ರಣದ ಹೊತ್ತಿಗೆ ಕಂಪನಿಯವರು ಮೂಲ ಅಚ್ಚಿನ ಮೇಲೆ ಹಾಕುವ ಕ್ರಮಸಂಖ್ಯೆ ಅದು. ಚೀಟಿ ಹೋದರೂ ಅದು ಹೋಗುವುದಿಲ್ಲ, ಅದರಿಂದಲೇ ಹಾಡು ಯಾವುದೆಂದು ಪತ್ತೆ ಮಾಡುತ್ತಾರೆ. ಕಿನ್ನಿಯರ್ ಅವರು 1899ರಿಂದ 1908ರವರೆಗಿನ ಭಾರತದ ಮೊದಲ ಧ್ವನಿಮುದ್ರಣಗಳ ಪಟ್ಟಿಯನ್ನು ಪುಸ್ತಕವಾಗಿ ತಂದಿದ್ದಾರೆ; ಆ ಕೆಲಸದ ಬೆನ್ನೆಲುಬು ಇಂಥ ಅಂಕಿಗಳೇ. ಇದನ್ನು ಯಾರೂ ಹೇಳಿಕೊಡದೆ ಚಡಚಣದ ಅಟ್ಟದ ಮೇಲೆ ಕುಳಿತ ಹದಿನಾಲ್ಕರ ಹುಡುಗ ಕಂಡುಕೊಂಡಿದ್ದ.

ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ‘ಸರಗ ಕೇಳಬೇಕು. ಪ್ಲೇಟಿನ ಹೊರಗಿನ ಗೆರಿ ದೊಡ್ಡದು, ಒಳಗಿನ ಗೆರಿ ಸಣ್ಣದು. ಆದರ ಹಾಡಿನ ವೇಗ ಯಾಕ ಬದಲಾಗೂದಿಲ್ಲ?’

ವಿದ್ಯಾರ್ಥಿಗಳೇ, ಈ ಪ್ರಶ್ನೆಯ ಮೇಲೆ ಒಂದು ಇಡೀ ತಾಸು ಪಾಠ ಮಾಡಬಹುದು. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಹತ್ತು ಇಂಚಿನ ಪ್ಲೇಟಿನ ಹೊರಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಒಂದು ಮೀಟರು ಸರಿದರೆ, ಚೀಟಿಯ ಹತ್ತಿರದ ಗೆರೆ ಅದರ ಅರ್ಧಕ್ಕಿಂತ ಕಡಿಮೆ ಸರಿಯುತ್ತದೆ. ಆದರೆ ಕೆತ್ತುವಾಗಲೂ ಅದೇ 78 ಸುತ್ತು. ಅದೇ ಸ್ವರದ ಅಲೆಗಳು ಒಳಗೆ ಬಂದಂತೆ ಒತ್ತೊತ್ತಾಗಿ ಕೂಡುತ್ತವೆ. ಆವೃತ್ತಿ ಹಾಗೇ ಇರುತ್ತದೆ, ಗೆರೆಯ ಮೇಲಿನ ತರಂಗಾಂತರ ಮಾತ್ರ ಕಿರಿದಾಗುತ್ತದೆ. ನಾನು ಅಂದು ಹಲಗೆಯ ಮೇಲೆ ಬರೆದದ್ದು ಇದೇ ಎರಡು ಶಬ್ದ. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದ, ನಾನು ಪುಸ್ತಕದಿಂದ ಓದಿ ಹೇಳುತ್ತಿದ್ದೆ.

ಪ್ಲೇಟುಗಳ ಬಗ್ಗೆ ವಿಚಾರಿಸಿದೆ. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಚೀಲವನ್ನು ಮೋಡಕಾದವನಿಗೆ ಕೊಟ್ಟಿದ್ದರು. ಅರಗಿನ ಪ್ಲೇಟು, ಕೈ ಜಾರಿದರೆ ಹಂಚಿನಂತೆ ಒಡೆಯುತ್ತದೆ. ತಾಮ್ರವೂ ಅಲ್ಲ ಹಿತ್ತಾಳೆಯೂ ಅಲ್ಲ, ಮೋಡಕಾದವನು ಚೀಲದ ಬೆಲೆಯನ್ನಷ್ಟೇ ಕೊಟ್ಟನಂತೆ. ಆ 143 ಪ್ಲೇಟುಗಳು ಈ ಭೂಮಿಯ ಮೇಲೆ ಒಂದು ಕಡೆ ಕೂಡಿದ್ದವು ಎಂಬುದಕ್ಕೆ ಉಳಿದ ಸಾಕ್ಷಿ ಆ ವಹಿಯೊಂದೇ.

ಸೊಲ್ಲಾಪುರದಲ್ಲಿ ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೋಟರ್ ವೈಂಡಿಂಗ್ ಅಂಗಡಿ, ಇಬ್ಬರು ಆಳು. ಕಂಡೊಡನೆ ಎದ್ದು ಕೈ ಒರೆಸಿಕೊಂಡು ಕಾಲು ಮುಟ್ಟಲು ಬಂದ, ನಾನು ಹಿಂದೆ ಸರಿದೆ. ಚಹಾ ತರಿಸಿದ. ಚೀಲದಿಂದ ವಹಿ ತೆಗೆದು ಮುಂದಿಟ್ಟಾಗ ಬಹಳ ಹೊತ್ತು ಮುಟ್ಟಲೇ ಇಲ್ಲ. ಆಮೇಲೆ ಪುಟ ತಿರುವಿದ. ಕೆಂಪು ಮಸಿಯ ಪುಟ ಬಂದಾಗ ಅಲ್ಲಿ ನಿಲ್ಲದೆ ಮುಂದೆ ಹೋದ. ಅದು ಅವನ ದೊಡ್ಡತನ. ಅಲ್ಲಿ ನಿಂತಿದ್ದರೆ ನಾನು ಏನು ಹೇಳಬೇಕಿತ್ತೋ ನನಗೆ ತಿಳಿದಿರಲಿಲ್ಲ.

ಮಾತಿಗೆ ಏನಾದರೂ ಬೇಕಲ್ಲ ಎಂದು 61ನೆಯ ಪ್ಲೇಟಿನ ಮೇಲೆ ಬೆರಳಿಟ್ಟೆ. ಅಲ್ಲಿ ಅವನು ‘ಗಾಂಧಾರಿ, ಹುಬ್ಬಳ್ಳಿ’ ಎಂದು ಬರೆದು ಎದುರಿಗೆ ‘ಯಾರು?’ ಎಂದು ಪ್ರಶ್ನೆ ಹಾಕಿದ್ದ. ಅಷ್ಟರಲ್ಲಿ ನಾನು ಓದಿ ತಿಳಿದುಕೊಂಡಿದ್ದೆ. ‘ಇವರು ಯಾರಂತ ಗೊತ್ತಾತು ನೋಡು. ಗಂಗೂಬಾಯಿ ಹಾನಗಲ್ಲರು. ಮೂವತ್ತರ ದಶಕದಾಗ ಎಚ್‌ಎಂವಿ ಕಂಪನಿ ಅವರ ಹಾಡು ಈ ಹೆಸರಿನ್ಯಾಗ ತಂದಿತ್ತು’ ಎಂದೆ, ತುಸು ಹೆಮ್ಮೆಯಿಂದಲೇ.

ಅವನು ನಕ್ಕ. ‘ಅದು ನಮ್ಮಜ್ಜ ಆಗಲೇ ಹೇಳಿದ್ರು ಸರ. ಬರೀಬೇಕಂದ್ರ ವಹಿ ನಿಮ್ಮ ಹಂತೇಕ ಇತ್ತಲ್ರಿ.’

ಹಾಗೆಂದವನು ಬಿಲ್ಲು ಬರೆಯುವ ಪೆನ್ನು ತೆಗೆದುಕೊಂಡು ‘ಯಾರು?’ ಎಂಬುದರ ಮುಂದೆ ಹೆಸರು ಬರೆದ. ಕಾಲಮ್ಮಿನ ಗೆರೆ ದಾಟದಂತೆ, ಸಣ್ಣ ಅಕ್ಷರದಲ್ಲಿ.