ಕಸಾಯಿ ಸೀಮೆಯ ನಾರುಮಡಿ

ಕನಂಗಾದಿಂದ ಹೊರಟ ನಮ್ಮ ಜೀಪು ಮರಳಿನಲ್ಲಿ ಹೂತು, ಊರವರ ಕೈಲಿ ತಳ್ಳಿಸಿಕೊಂಡು, ಮುಂದೆ ಹೋಗಿ ಮತ್ತೆ ಹೂತು, ಅಂತೂ ಮುಶೆಂಗೆ ಮುಟ್ಟಿತು. ದಾರಿಯ ಮಾತು ಇಷ್ಟು ಸಾಕು. ಕಾಂಗೋ ದೇಶದ ನಟ್ಟನಡುವೆ, ಕಸಾಯಿ ಮತ್ತು ಸಂಕುರು ನದಿಗಳ ನಡುವಿನ ಸೀಮೆಯಲ್ಲಿರುವ ಈ ಊರು ಕುಬಾ ಎಂಬ ಜನಾಂಗದ ಅರಸರ ರಾಜಧಾನಿ. ನಾರುಮಡಿ ಎಂದರೆ ನಮ್ಮ ಕಣ್ಣೆದುರು ಬರುವುದು ವನವಾಸ. ಇಲ್ಲಿ ನಾರನ್ನು ಉಟ್ಟವನೇ ದೊರೆ.

ನಾರು ರಾಫಿಯಾ ತಾಳೆಯದು. ಎಳೆಯ ಗರಿಯ ಮೇಲ್ಪೊರೆ ಸುಲಿದು, ಒಣಗಿಸಿ, ಕೂದಲೆಳೆಯಷ್ಟು ಸಣ್ಣಗೆ ಸೀಳುತ್ತಾರೆ. ನೂಲುವುದಿಲ್ಲ, ಎಳೆಗೆ ಎಳೆ ಗಂಟು ಹಾಕುವುದೂ ಇಲ್ಲ. ಹಾಗಾಗಿ ಗರಿ ಎಷ್ಟುದ್ದವೋ ಬಟ್ಟೆಯೂ ಅಷ್ಟೇ ಉದ್ದ, ಒಂದು ತುಂಡು ಸುಮಾರು ಒಂದು ಮೀಟರ್ ದಾಟದು. ಗಂಡಸರು ಓರೆಯಾಗಿ ನಿಲ್ಲಿಸಿದ ಮಗ್ಗದ ಕೆಳಗೆ ಕೂತು ಇದನ್ನು ನೇಯುತ್ತಾರೆ. ಮಗ್ಗಕ್ಕೆ ಹೆಂಗಸರು ಕೈಹಾಕುವುದಿಲ್ಲ. ನೇಯ್ದು ಮುಗಿದ ಮೇಲೆ ಬಟ್ಟೆ ಅವರ ವಶ.

ಅಂಗಳದಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬರ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಸೂಜಿಯಲ್ಲಿ ನಾರೆಳೆ ಪೋಣಿಸಿ, ಬಟ್ಟೆಯ ಒಂದೆರಡು ಎಳೆಗಳ ಅಡಿಯಲ್ಲಿ ತೂರಿಸಿ ಎಳೆದರು. ಎರಡೂ ತುದಿಗಳನ್ನು ಪುಟ್ಟ ಚಾಕುವಿನಿಂದ ಕತ್ತರಿಸಿದರು. ಎರಡು ಮೂರು ಮಿಲಿಮೀಟರಿನ ಕುಚ್ಚು ಎದ್ದು ನಿಂತಿತು. ಮತ್ತೆ ತೂರಿಸಿದರು, ಮತ್ತೆ ಕತ್ತರಿಸಿದರು. ಗಂಟೇ ಇಲ್ಲ! ಉದುರಿಹೋಗುವುದಿಲ್ಲವೇ ಎಂದು ದುಭಾಷಿಯ ಮೂಲಕ ಕೇಳಿದೆ. ಅವರು ಮಾತಾಡಲಿಲ್ಲ, ಬಟ್ಟೆಯನ್ನೇ ನನ್ನ ಕೈಗಿತ್ತರು. ಉಗುರಿನಿಂದ ಕೀಳಲು ನೋಡಿದೆ, ಬರಲಿಲ್ಲ. ನೇಯ್ಗೆಯ ಬಿಗಿಯೇ ಕುಚ್ಚನ್ನು ಕಚ್ಚಿ ಹಿಡಿದಿದೆ. ಅಂಗೈ ಆಡಿಸಿದರೆ ಮಖಮಲ್ಲು. ಇಂಥದೊಂದು ತುಂಡು ಮುಗಿಯಲು ತಿಂಗಳುಗಳೇ ಬೇಕು.

ಗೆರೆ ಎಳೆದುಕೊಂಡಿಲ್ಲ, ಮಾದರಿ ಇಟ್ಟುಕೊಂಡಿಲ್ಲ. ಹೆಣೆದುಕೊಂಡ ಕೋನಗಳ ಚಿತ್ತಾರ ಒಂದೇ ಲಯದಲ್ಲಿ ಸಾಗಿ, ನಡುವೆ ಏಕಾಏಕಿ ದಿಕ್ಕು ಬದಲಿಸುತ್ತದೆ. ಕೈತಪ್ಪಲ್ಲ, ಬೇಕೆಂದೇ ಹಾಕಿದ್ದು. 1971ರಲ್ಲಿ ಡೊನಾಲ್ಡ್ ಕ್ರೋ ಎಂಬ ಗಣಿತಜ್ಞ ಕುಬಾ ಚಿತ್ತಾರಗಳನ್ನು ವಿಂಗಡಿಸಿದ. ಮರುಕಳಿಸುತ್ತ ಸಮತಲವನ್ನು ತುಂಬುವ ವಿನ್ಯಾಸಗಳು ಗಣಿತದ ಪ್ರಕಾರ 17 ಬಗೆ, ಹೆಚ್ಚಿಲ್ಲ. ಅವುಗಳಲ್ಲಿ 12 ಈ ಜನರ ಕೈಯಲ್ಲಿದ್ದವು. 1920ರ ದಶಕದ ಕತೆಯೊಂದು ಇಲ್ಲಿ ನೆನಪಾಗುತ್ತದೆ. ಪಾದ್ರಿಗಳು ದೊರೆಗೆ ಮೋಟಾರ್ ಸೈಕಲ್ ತೋರಿಸಿದರಂತೆ. ದೊರೆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮರಳಿನ ಮೇಲೆ ಟಯರು ಮೂಡಿಸಿದ ಅಚ್ಚನ್ನು ನೋಡಿ ಬೆರಗಾಗಿ, ಅದನ್ನು ಬರೆಸಿ, ತನ್ನ ಹೆಸರನ್ನೇ ಇಡಿಸಿದನಂತೆ. ಮುಶೆಂಗೆಯ ಅಂಗಳದಲ್ಲಿ ಕೂತವರು ಈ ಕತೆಯನ್ನು ಸಲೀಸಾಗಿ ನಂಬುತ್ತಾರೆ.

ಮಖಮಲ್ಲಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಡುವ ಬಟ್ಟೆ. ಹೆಂಗಸರದು ಆರೇಳು ಮೀಟರ್ ಉದ್ದ, ಸೊಂಟಕ್ಕೆ ಸುತ್ತಿ ಸುತ್ತಿ ಉಡುವುದು. ಗಂಡಸರದು ಅದಕ್ಕೂ ಉದ್ದ, ನಡುಪಟ್ಟಿಯ ಮೇಲೆ ಮಡಿಕೆ ಬಿದ್ದು, ಅಂಚಿನಲ್ಲಿ ಗೊಂಡೆಗಳು ಕುಣಿಯುತ್ತವೆ. ತುಂಡು ತುಂಡು ಜೋಡಿಸಿ, ಕೆಂಪುಮರದ ಪುಡಿಯಿಂದ ಬಣ್ಣ ಕಟ್ಟಿಸಿದ ಬಟ್ಟೆಗಳು ಇವು. ನಾರು ಒರಟಲ್ಲವೇ, ಮೆತ್ತಗಾಗಲು ಒರಳಿಗೆ ಹಾಕಿ ಕುಟ್ಟುತ್ತಾರೆ. ಕುಟ್ಟುವಾಗ ತೂತು ಬೀಳುತ್ತದೆ, ತೂತಿಗೆ ತೇಪೆ. ಆ ತೇಪೆಯೇ ಅಲಂಕಾರವಾಯಿತು ಎನ್ನುತ್ತಾರೆ ಬಲ್ಲವರು. ತೂತಿಲ್ಲದ ಕಡೆಯೂ ಈಗ ಚೌಕ, ವೃತ್ತ, ಬಾಲ ಮುರಿದ ಕೊಂಡಿಗಳು ಬಟ್ಟೆಯುದ್ದಕ್ಕೂ ಓಡಾಡುತ್ತವೆ.

ಇಷ್ಟು ದುಡಿದದ್ದು ಹೋಗುವುದು ಮಣ್ಣಿಗೆ. ಸಾವಾದಾಗ ಕುಲದ ಹಿರಿಯರು ಕೂತು, ಯಾವ ಬಟ್ಟೆ ಹೆಣಕ್ಕೆ ಎಂದು ತೀರ್ಮಾನಿಸುತ್ತಾರೆ. ಒಂದರ ಮೇಲೊಂದು ಉಡಿಸಿ ಹೂಳುತ್ತಾರೆ. ನಾರುಬಟ್ಟೆ ಉಡದೆ ಹೋದವರನ್ನು ಮೊದಲೇ ತೀರಿಕೊಂಡ ನಂಟರು ಆ ಲೋಕದಲ್ಲಿ ಗುರುತಿಸುವುದಿಲ್ಲ ಎಂಬುದು ಕುಬಾ ಜನರ ನಂಬಿಕೆ. ಗಿರಣಿ ಬಟ್ಟೆಯಲ್ಲಿ ಕಳಿಸಿದರೆ ಬೆತ್ತಲೆ ಕಳಿಸಿದಂತೆ.

ಈ ಊರಿಗೆ ಹೊರಗಿನವರಿಗೆ ದಾರಿ ತೋರಿಸಿದರೆ ತಲೆದಂಡ ಎಂಬ ಕಾಲವೊಂದಿತ್ತು. 1892ರಲ್ಲಿ ವಿಲಿಯಂ ಶೆಪರ್ಡ್ ಎಂಬ ಕಪ್ಪು ಅಮೆರಿಕನ್ ಪಾದ್ರಿ, ಊರಲ್ಲಿದ್ದ ಮೊಟ್ಟೆಯನ್ನೆಲ್ಲ ಕೊಂಡು ತಿಂದು, ಮೊಟ್ಟೆ ತರಲು ಮುಂದಿನ ಊರಿಗೆ ಆಳನ್ನು ಕಳಿಸಿ, ಅವನ ಹಿಂದೆಯೇ ನಡೆದು, ಹೀಗೆ ಊರಿಂದೂರಿಗೆ ದಾರಿ ಕಂಡುಕೊಂಡ. ಸತ್ತ ದೊರೆಯೇ ಮರಳಿ ಹುಟ್ಟಿ ಬಂದಿದ್ದಾನೆಂದು ಜನ ಅವನನ್ನು ಬರಮಾಡಿಕೊಂಡರು. ಅವನು ಕೂಡಿಟ್ಟ ವಸ್ತುಗಳು 1911ರಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ವಿದ್ಯಾಸಂಸ್ಥೆಯ ಸಂಗ್ರಹಾಲಯ ಸೇರಿದವು. ಎಮಿಲ್ ಟೊರ್ಡೆ ಎಂಬ ಜನಾಂಗಶಾಸ್ತ್ರಜ್ಞ 1908ರ ಸುಮಾರಿಗೆ ತಂದವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಸಾಯಿಯವರೆಗೆ ಹೋಗುವುದು ಎಲ್ಲರಿಂದಾಗದು. ಆದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ತಿಂಗಳುಗಟ್ಟಲೆ ಕೂರುವ ನಮ್ಮ ಹಿರಿಯರು, ನಯಾಗರಾ ನೋಡಿ ಮುಗಿದ ಮೇಲೆ, ಹ್ಯಾಂಪ್ಟನ್‌ಗೂ ಕರೆದೊಯ್ಯಿರೆಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಲಿ.